ನಂದಿನಿ ಯಾರ ಹಸು? ಹಾಲಿನ ಒಕ್ಕೂಟ ಮತ್ತು ಹೋಟೆಲಿನ ನಡುವೆ ನಡೆದ ಹೆಸರಿನ ಜಗಳ

ಬೆಂಗಳೂರಿನಲ್ಲಿ ಯಾರಾದರೂ ‘ನಂದಿನಿಗೆ ಹೋಗಿ ಬರೋಣ’ ಅಂದರೆ ಗಡಿಯಾರ ನೋಡಿ ಅರ್ಥ ಮಾಡಿಕೊಳ್ಳಬೇಕು. ಬೆಳಿಗ್ಗೆ ಆರು ಗಂಟೆ ಆಗಿದ್ದರೆ ಅದು ಹಾಲಿನ ಬೂತು. ಮಧ್ಯಾಹ್ನ ಒಂದು ಗಂಟೆ ಆಗಿದ್ದರೆ ಆಂಧ್ರ ಊಟ, ಪಕ್ಕದಲ್ಲೊಂದು ಪ್ಲೇಟ್ ಚಿಲ್ಲಿ ಚಿಕನ್. ಬೂತಿಗೆ ಹೋಗಿ ಬಿರಿಯಾನಿ ಕೇಳಿದವರನ್ನು ನಾನಂತೂ ನೋಡಿಲ್ಲ. ಹೋಟೆಲಿನ ಕ್ಯಾಷ್ ಕೌಂಟರಿನಲ್ಲಿ ‘ಎರಡು ನೀಲಿ ಪ್ಯಾಕೆಟ್ ಕೊಡಿ’ ಅಂದವರನ್ನೂ ನೋಡಿಲ್ಲ.

ಆದರೂ ಈ ಎರಡು ನಂದಿನಿಗಳ ಜಗಳ, ವ್ಯಾಪಾರದ ಹೆಸರು ಮತ್ತು ಗುರುತುಗಳನ್ನು ನೋಂದಾಯಿಸುವ ಟ್ರೇಡ್‌ಮಾರ್ಕ್ ಕಚೇರಿಯಿಂದ ಹೊರಟು ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತು. 2018ರ ಜುಲೈ 26ರಂದು ತೀರ್ಪು ಬಂತು. ಒಂದು ಕಡೆ ಕರ್ನಾಟಕ ಹಾಲು ಮಹಾಮಂಡಳ, ಅಂದರೆ ನಮ್ಮ ಕೆಎಂಎಫ್. ಇನ್ನೊಂದು ಕಡೆ ‘ನಂದಿನಿ ಡಿಲಕ್ಸ್’ ಎಂಬ ಬೆಂಗಳೂರಿನ ಹೋಟೆಲ್. ಗೆದ್ದದ್ದು ಹೋಟೆಲ್.

ದೊಡ್ಡ ಕಂಪನಿಗಳು ಹೆಸರಿನ ಹಕ್ಕು ಹಿಡಿದು ಸಣ್ಣವರ ಮೇಲೆ ಬೀಳುವ ಕತೆಗಳು ಬೇಕಾದಷ್ಟಿವೆ. ಅವುಗಳಲ್ಲಿ ಸಾಮಾನ್ಯವಾಗಿ ದೊಡ್ಡವರು ಅಮೆರಿಕದವರು, ಸಣ್ಣವರು ನಮ್ಮವರು. ಯಾರ ಪಕ್ಷ ಅಂತ ಯೋಚಿಸುವ ಕೆಲಸವೇ ಇರುವುದಿಲ್ಲ. ಈ ಪ್ರಕರಣದಲ್ಲಿ ಆ ಅನುಕೂಲ ಇಲ್ಲ. ಇಲ್ಲಿ ದೊಡ್ಡವರೂ ನಮ್ಮವರೇ. ಆ ‘ದೊಡ್ಡ ಕಂಪನಿ’ಯ ನಿಜವಾದ ಮಾಲೀಕರು ಹಳ್ಳಿಯ ಡೇರಿಗೆ ಬೆಳಿಗ್ಗೆ ಸಂಜೆ ಹಾಲು ಹಾಕುವ ರೈತರು. ನಾನು ಇದನ್ನೇ ಆರಿಸಿಕೊಂಡಿರುವುದು ಅದಕ್ಕೇ.

ಇಬ್ಬರ ಪರಿಚಯ

ಕೆಎಂಎಫ್‌ನ ಬೇರು 1974ರಲ್ಲಿದೆ. ವಿಶ್ವಬ್ಯಾಂಕ್ ನೆರವಿನ ಹೈನು ಯೋಜನೆ ನಡೆಸಲು ಆಗ ಕರ್ನಾಟಕ ಡೇರಿ ಅಭಿವೃದ್ಧಿ ನಿಗಮ ಹುಟ್ಟಿತು. 1984ರಲ್ಲಿ ಅದೇ ಸಹಕಾರಿ ಮಹಾಮಂಡಳವಾಯಿತು. ಮರುವರ್ಷ, 1985ರಲ್ಲಿ, ‘ನಂದಿನಿ’ ಎಂಬ ಹೆಸರನ್ನು ಹಾಲಿಗೆ ಮತ್ತು ಹಾಲಿನ ತಿನಿಸುಗಳಿಗೆ ಇಟ್ಟುಕೊಂಡಿತು. ಮುಂದೆ ಅದನ್ನು ನೋಂದಣಿಯನ್ನೂ ಮಾಡಿಸಿತು. ಇವತ್ತು ಸುಮಾರು 26 ಲಕ್ಷ ಹಾಲು ಉತ್ಪಾದಕರು ಈ ವ್ಯವಸ್ಥೆಯಲ್ಲಿದ್ದಾರೆ. ಅಮೂಲ್ ಬಿಟ್ಟರೆ ದೇಶದಲ್ಲಿ ಇಷ್ಟು ದೊಡ್ಡ ಹಾಲಿನ ಸಹಕಾರಿ ಇನ್ನೊಂದಿಲ್ಲ.

ಹೋಟೆಲ್ ಶುರುವಾಗಿದ್ದು 1989ರಲ್ಲಿ. ಹೆಸರು ಅದೇ ನಂದಿನಿ. ಇಂಗ್ಲಿಷ್‌ನಲ್ಲಿ ಬರೆಯುವಾಗ ಮಾತ್ರ ‘ಡಿ’ ಆದ ಮೇಲೆ ಒಂದು ‘ಎಚ್’ ಜಾಸ್ತಿ. ನಿಜ ಹೇಳಬೇಕೆಂದರೆ ಇವರನ್ನು ತೀರಾ ಬಡಪಾಯಿ ಅನ್ನೋಕಾಗಲ್ಲ. ಕೇಸ್ ಮುಗಿಯುವ ಹೊತ್ತಿಗೆ ಊರು ತುಂಬ ಶಾಖೆಗಳಿದ್ದವು. ತಳ್ಳುಗಾಡಿಯವನಾಗಿದ್ದರೆ ದೆಹಲಿಯವರೆಗೆ ಹೋಗಿ ನಿಲ್ಲುವುದು ಕಷ್ಟವಿತ್ತು. ಆದರೆ ರಾಜ್ಯದ ತುಂಬ ಹಾಲು ಕೊಂಡು ಮಾರುವ ಸಂಸ್ಥೆಯ ಪಕ್ಕ ನಿಲ್ಲಿಸಿದರೆ ಸಣ್ಣವರೇ.

ಜಗಳ ಶುರುವಾಗಿದ್ದು ಹೀಗೆ. ಹೋಟೆಲಿನವರು ತಮ್ಮ ಹೆಸರನ್ನು ತಾವು ಮಾರುವ ಪದಾರ್ಥಗಳಿಗೆ ನೋಂದಾಯಿಸಿಕೊಡಿ ಅಂತ ಅರ್ಜಿ ಹಾಕಿದರು. ಮಾಂಸ, ಮೀನು, ಕೋಳಿ, ಬೇಯಿಸಿದ ಹಣ್ಣು ತರಕಾರಿ, ಅಡುಗೆ ಎಣ್ಣೆ, ಹೀಗೆ ಉದ್ದ ಪಟ್ಟಿ. ಕೆಎಂಎಫ್ ಆಕ್ಷೇಪಣೆ ಸಲ್ಲಿಸಿತು. ಇಲ್ಲೊಂದು ಮಾತು ಸ್ಪಷ್ಟ ಇರಲಿ. ಇದು ಹೋಟೆಲ್ ಮುಚ್ಚಿಸುವ ಕೇಸ್ ಆಗಿರಲಿಲ್ಲ. ನೋಂದಣಿ ಸಿಗಬಾರದು ಎಂಬ ಕೇಸ್. ಕೋರ್ಟಿನಲ್ಲಿ ವಾದ ನಡೆಯುತ್ತಿದ್ದಾಗಲೂ ಅಡುಗೆಮನೆಯಲ್ಲಿ ಬಿರಿಯಾನಿ ಬೇಯುತ್ತಲೇ ಇತ್ತು.

ಹಾಗಾದರೆ ನೋಂದಣಿ ಯಾಕೆ ಬೇಕು? ಹೆಸರು ಹೇಗೂ ನಡೀತಾ ಇದೆ ಅಲ್ವಾ?

ನಡೆಯುತ್ತದೆ, ನೀವು ಒಂದೇ ಅಂಗಡಿ ಇಟ್ಟುಕೊಂಡು ಕೂತರೆ. ನಾಳೆ ಮೈಸೂರಿನಲ್ಲಿ ಯಾರೋ ನಿಮ್ಮದೇ ಹೆಸರು, ನಿಮ್ಮದೇ ಬೋರ್ಡು ಹಾಕಿಕೊಂಡು ಊಟ ಬಡಿಸಿದರೆ ಆಗ ತಲೆನೋವು. ನೋಂದಣಿ ಇದ್ದರೆ ಸರ್ಟಿಫಿಕೇಟ್ ತೋರಿಸಿದರೆ ಅರ್ಧ ಕೆಲಸ ಮುಗಿಯಿತು. ಇಲ್ಲದಿದ್ದರೆ ನಿಮ್ಮ ಹೆಸರಿಗೆ ಊರಲ್ಲಿ ಒಳ್ಳೆ ಬೆಲೆ ಇದೆ, ಅವನು ಜನರನ್ನು ದಾರಿ ತಪ್ಪಿಸಿದ್ದಾನೆ, ಅದರಿಂದ ನಿಮಗೆ ನಷ್ಟವಾಗಿದೆ ಅಂತ ಒಂದೊಂದನ್ನೂ ಸಾಬೀತು ಮಾಡಬೇಕು. ಫ್ರಾಂಚೈಸಿ ಕೊಡುವವರಿಗೆ, ಮಸಾಲೆ ಪುಡಿ ಪ್ಯಾಕೆಟ್ ಮಾಡಿ ಮಾರುವವರಿಗೆ ಇದು ದೊಡ್ಡ ವ್ಯತ್ಯಾಸ.

ಹಾಲೂ ಚಿಕನ್ನೂ ಒಂದೇ ಗೂಡಿನಲ್ಲಿ

ಈ ಜಗಳ ಅರ್ಥವಾಗಬೇಕಾದರೆ ಟ್ರೇಡ್‌ಮಾರ್ಕ್ ಕಚೇರಿಯ ಲೆಕ್ಕದ ಪುಸ್ತಕ ಹೇಗಿರುತ್ತದೆ ಅಂತ ಸ್ವಲ್ಪ ನೋಡಬೇಕು. ಪ್ರಪಂಚದಲ್ಲಿ ಮಾರುವ ಎಲ್ಲವನ್ನೂ 45 ವರ್ಗಗಳಾಗಿ ಹಂಚಿದ್ದಾರೆ. 34 ವರ್ಗ ಸರಕಿಗೆ, 11 ವರ್ಗ ಸೇವೆಗೆ. 29ನೇ ವರ್ಗದಲ್ಲಿ ಹಾಲು, ಬೆಣ್ಣೆ, ಚೀಸ್ ಇವೆ. ಅದೇ 29ರಲ್ಲಿ ಮಾಂಸ, ಮೀನು, ಕೋಳಿ, ಮೊಟ್ಟೆ, ಅಡುಗೆ ಎಣ್ಣೆ, ಜಾಮ್ ಕೂಡ ಇವೆ. 30ನೇ ವರ್ಗದಲ್ಲಿ ಕಾಫಿ, ಟೀ, ಅಕ್ಕಿ, ಬ್ರೆಡ್ಡು, ಮಸಾಲೆ, ಉಪ್ಪು. ಐಸ್‌ಕ್ರೀಮ್ ಇರುವುದೂ ಅಲ್ಲೇ. ಹಳೆ ಕಾಲದ ಕಿರಾಣಿ ಅಂಗಡಿಯ ಮರದ ಗೂಡುಗಳ ಹಾಗೆ. ಒಂದೇ ಗೂಡಿನಲ್ಲಿ ಸಾಬೂನೂ ಇರುತ್ತಿತ್ತು, ಊದುಬತ್ತಿಯೂ ಇರುತ್ತಿತ್ತು.

ಮಡಿ ಮೈಲಿಗೆ ನೋಡುವ ನಮ್ಮ ಅಜ್ಜಿಗೆ ಹಾಲೂ ಕೋಳಿಯೂ ಒಂದೇ ವರ್ಗ ಅಂತ ಹೇಳಿದ್ದರೆ ಪುಸ್ತಕವನ್ನೇ ಹೊರಗೆ ಎಸೆಯುತ್ತಿದ್ದರು!

ಕೆಎಂಎಫ್ ನಂದಿನಿ ಹೆಸರನ್ನು 29 ಮತ್ತು 30 ಎರಡರಲ್ಲೂ ನೋಂದಾಯಿಸಿತ್ತು. ಹೋಟೆಲಿನ ಅರ್ಜಿಯೂ ಅವೇ ವರ್ಗಗಳಿಗೆ ಬಂತು. ಊಟ ಬಡಿಸುವುದು ಸೇವೆ. ಈಗ ಅದಕ್ಕೆ 43ನೇ ವರ್ಗ ಇದೆ. ಆದರೆ 1958ರ ಹಳೆ ಕಾಯ್ದೆಯಲ್ಲಿ ಸೇವೆಗಳಿಗೆ ನೋಂದಣಿಯೇ ಇರಲಿಲ್ಲ. 1999ರ ಹೊಸ ಕಾಯ್ದೆ 2003ರ ಸೆಪ್ಟೆಂಬರ್ 15ರಿಂದ ಜಾರಿಗೆ ಬಂದ ಮೇಲೆ ಆ ಬಾಗಿಲು ತೆರೆಯಿತು. ಅಲ್ಲಿಯವರೆಗೆ ಹೋಟೆಲಿನವರು ಹೆಸರು ಕಾಪಾಡಿಕೊಳ್ಳಲು ಸರಕಿನ ವರ್ಗಗಳನ್ನೇ ಆಶ್ರಯಿಸಬೇಕಿತ್ತು.

ಕೆಎಂಎಫ್ ವಾದ ಸರಳವಾಗಿತ್ತು. ಹೆಸರು ನಮ್ಮದು. ಮೊದಲು ಇಟ್ಟುಕೊಂಡವರು ನಾವು, ಮೊದಲು ನೋಂದಾಯಿಸಿದವರು ನಾವು. ನಂದಿನಿ ಅಂದರೆ ಕರ್ನಾಟಕದ ಜನಕ್ಕೆ ನಾವೇ ನೆನಪಾಗುವುದು. ಒಂದು ‘ಎಚ್’ ಸೇರಿಸಿದ ಮಾತ್ರಕ್ಕೆ ಬೇರೆ ಹೆಸರು ಆಗುವುದಿಲ್ಲ, ಕಿವಿಗೆ ಎರಡೂ ಒಂದೇ. ಅವರ ಪದಾರ್ಥಗಳೂ ನಮ್ಮ ವರ್ಗದಲ್ಲೇ ಬರುತ್ತವೆ. ಜನ ಇದೂ ಕೆಎಂಎಫ್‌ದೇ ಅಂದುಕೊಳ್ಳುತ್ತಾರೆ.

ಇದನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ‘ಎಚ್’ ವಿಷಯದಲ್ಲಂತೂ ನಾನು ಕೆಎಂಎಫ್ ಕಡೆಗೇ. ದಕ್ಷಿಣದಲ್ಲಿ ‘ದ’ ಬರೆಯಲು ಇಂಗ್ಲಿಷ್‌ನ ‘ಡಿ’ ಜೊತೆ ‘ಎಚ್’ ಸೇರಿಸುವುದು ಹಳೆ ರೂಢಿ. ತಮಿಳುನಾಡು, ಆಂಧ್ರ, ಕೇರಳ ಎಲ್ಲ ಕಡೆ ಹಾಗೆ ಬರೆಯುತ್ತಾರೆ. ಕನ್ನಡದಲ್ಲಿ ಬೋರ್ಡ್ ಬರೆಸಿದರೆ ಎರಡೂ ನಂದಿನಿಯೇ. ವ್ಯತ್ಯಾಸ ಇಂಗ್ಲಿಷ್ ಕಾಗುಣಿತದಲ್ಲಿ ಇದೆಯೇ ಹೊರತು ನಾಲಿಗೆಯಲ್ಲಿ ಇಲ್ಲ.

ಹನ್ನೊಂದು ವರ್ಷದ ಓಡಾಟ

2007ರ ಆಗಸ್ಟ್‌ನಲ್ಲಿ ಟ್ರೇಡ್‌ಮಾರ್ಕ್ ಉಪ ರಿಜಿಸ್ಟ್ರಾರ್ ಕೆಎಂಎಫ್ ಆಕ್ಷೇಪಣೆ ತಿರಸ್ಕರಿಸಿ ಹೋಟೆಲಿಗೆ ನೋಂದಣಿ ಕೊಡಬಹುದು ಎಂದರು. ಅಲ್ಲಿಗೆ ಮುಗಿಯಬಹುದಿತ್ತು. ಕೆಎಂಎಫ್ ಮೇಲ್ಮನವಿ ಹೋಯಿತು. ಆಗ ಇಂಥ ಮೇಲ್ಮನವಿ ಕೇಳಲು ಐಪಿಎಬಿ ಅಂತ ಒಂದು ಮಂಡಳಿ ಇತ್ತು. ಅದರ ಕೇಂದ್ರ ಚೆನ್ನೈ. 2011ರಲ್ಲಿ ಮಂಡಳಿ ಕೆಎಂಎಫ್ ಪರ ನಿಂತಿತು. ಹೋಟೆಲಿನವರು ಕರ್ನಾಟಕ ಹೈಕೋರ್ಟಿಗೆ ಹೋದರು. 2014ರ ಡಿಸೆಂಬರ್‌ನಲ್ಲಿ ಅಲ್ಲೂ ಸೋಲು. ನಂದಿನಿ ಹೆಸರಿಗೆ ಕೆಎಂಎಫ್‌ನಿಂದಾಗಿ ತನ್ನದೇ ಗುರುತು ಬಂದಿದೆ, ಇನ್ನೊಬ್ಬರು ಹೆಚ್ಚು ಕಡಿಮೆ ಅದೇ ಹೆಸರನ್ನು ಅದೇ ವರ್ಗಗಳಲ್ಲಿ ಇಟ್ಟುಕೊಂಡರೆ ಗೊಂದಲವಾಗುತ್ತದೆ ಎಂಬ ವಾದ ಅಲ್ಲಿ ಗೆದ್ದಿತ್ತು. ಕೊನೆಗೆ ಸುಪ್ರೀಂ ಕೋರ್ಟ್.

ಲೆಕ್ಕ ಹಾಕಿ. ಮೊದಲ ಆದೇಶದಿಂದ ಕೊನೆಯ ತೀರ್ಪಿಗೆ 11 ವರ್ಷ. ಹೋಟೆಲ್ ಶುರುವಾದ ದಿನದಿಂದ ಎಣಿಸಿದರೆ 29 ವರ್ಷ. ಅಂದಹಾಗೆ ಬೆಂಗಳೂರಿನಲ್ಲಿ ಟ್ರೇಡ್‌ಮಾರ್ಕ್ ಕಚೇರಿಯೇ ಇಲ್ಲ. ಮುಂಬೈ, ದೆಹಲಿ, ಕೋಲ್ಕತ್ತ, ಚೆನ್ನೈ, ಅಹಮದಾಬಾದ್, ಈ ಐದು ಕಡೆ ಮಾತ್ರ. ಕರ್ನಾಟಕ ಚೆನ್ನೈಗೆ ಸೇರುತ್ತದೆ. ದೇಶದ ಸ್ಟಾರ್ಟಪ್ ರಾಜಧಾನಿ ಅಂತ ಎದೆ ತಟ್ಟಿಕೊಳ್ಳುವ ಊರಿನ ಸ್ಥಿತಿ ಇದು. ಐಪಿಎಬಿಯನ್ನಂತೂ 2021ರ ಏಪ್ರಿಲ್‌ನಲ್ಲಿ ಮುಚ್ಚಿದರು. ಈಗ ಇಂಥ ಮೇಲ್ಮನವಿಗಳು ನೇರವಾಗಿ ಹೈಕೋರ್ಟಿಗೆ ಹೋಗುತ್ತವೆ.

ಅರ್ಜಿ ಹಾಕುವ ಖರ್ಚು ಜಾಸ್ತಿ ಏನಿಲ್ಲ. 2017ರ ನಿಯಮದ ಪ್ರಕಾರ ಆನ್‌ಲೈನ್‌ನಲ್ಲಿ ಒಬ್ಬ ವ್ಯಕ್ತಿ ಅಥವಾ ಸಣ್ಣ ಉದ್ದಿಮೆ ಒಂದು ವರ್ಗಕ್ಕೆ 4,500 ರೂಪಾಯಿ ಕಟ್ಟಬೇಕು. ಉಳಿದವರು 9,000. ಆಕ್ಷೇಪಣೆ ಸಲ್ಲಿಸಲು ಇನ್ನೂ ಅಗ್ಗ, ವರ್ಗಕ್ಕೆ 2,700. ದೊಡ್ಡ ಸಂಸ್ಥೆಗೆ ಇದು ಚಿಲ್ಲರೆ ಕಾಸು. ಆಕ್ಷೇಪಣೆ ಬಂದ ಮೇಲೆ ಅರ್ಜಿದಾರ ಎರಡು ತಿಂಗಳಲ್ಲಿ ಉತ್ತರ ಕೊಡಬೇಕು. ಕೊಡದಿದ್ದರೆ ಅರ್ಜಿ ಕೈಬಿಟ್ಟಂತೆ. ಎಷ್ಟೋ ಸಣ್ಣ ವ್ಯಾಪಾರಿಗಳ ಕತೆ ಇಲ್ಲೇ ಮುಗಿಯುತ್ತದೆ. ಸರಿಯೋ ತಪ್ಪೋ ಅಂತ ಯಾರೂ ತೀರ್ಮಾನಿಸಿರುವುದಿಲ್ಲ. ದಿನಾಂಕ ದಾಟಿರುತ್ತದೆ, ಅಷ್ಟೇ.

ಸುಪ್ರೀಂ ಕೋರ್ಟ್ ನೋಡಿದ ರೀತಿ

ನ್ಯಾಯಮೂರ್ತಿ ಎ.ಕೆ. ಸಿಕ್ರಿ ಮತ್ತು ನ್ಯಾಯಮೂರ್ತಿ ಅಶೋಕ್ ಭೂಷಣ್ ಅವರ ಪೀಠ ಕೇಸ್ ಕೇಳಿತು. ತೀರ್ಪಿನಲ್ಲಿ ನಾಲ್ಕು ಮುಖ್ಯ ಎಳೆಗಳಿವೆ. ಎಲ್ಲವೂ ಒಂದೇ ತೂಕದವಲ್ಲ.

ಕಣ್ಣಿಗೆ ಕಾಣುವುದರ ಬಗ್ಗೆ ಮೊದಲು ಹೇಳುತ್ತೇನೆ, ಯಾಕೆಂದರೆ ನನಗೆ ಅದು ಸಪ್ಪೆ ಅನ್ನಿಸಿತು. ಹೋಟೆಲಿನ ಗುರುತಿನಲ್ಲಿ ದೀಪದ ಚಿತ್ರ ಇದೆ, ‘ಡಿಲಕ್ಸ್’ ಎಂಬ ಪದ ಇದೆ, ಕೆಳಗೆ ಇಂಗ್ಲಿಷಿನಲ್ಲಿ ಮಸಾಲೆಯ ಕುರಿತ ಒಂದು ಸಾಲಿದೆ. ಕೆಎಂಎಫ್ ಗುರುತಿನಲ್ಲಿ ಹಸು ಇದೆ, ಅದರ ಕೆಳಗೆ ನಂದಿನಿ ಎಂಬ ಒಂದೇ ಪದ, ಸುತ್ತ ಮೊಟ್ಟೆಯಾಕಾರದ ಗೆರೆ. ಇಡಿಯಾಗಿ ನೋಡಿದರೆ ಹೋಲಿಕೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಎಂದಿತು ಕೋರ್ಟು. ಬೋರ್ಡ್ ನೋಡಿದರೆ ನಿಜ. ಆದರೆ ಆಟೋದವರಿಗೆ ದಾರಿ ಹೇಳುವಾಗ ಯಾರೂ ದೀಪ, ಗೆರೆ ಅನ್ನಲ್ಲ. ‘ಡಿಲಕ್ಸ್’ ಕೂಡ ಅನ್ನಲ್ಲ. ನಂದಿನಿ ಅಂತಾರೆ. ಹೆಸರು ಬಾಯಿಂದ ಬಾಯಿಗೆ ಹೋಗುವ ಊರಿನಲ್ಲಿ ಕಣ್ಣಿನ ಪರೀಕ್ಷೆಗೆ ಅಷ್ಟು ಒತ್ತು ಬೇಕಿರಲಿಲ್ಲ.

ಗಟ್ಟಿ ಎಳೆ ಸರಕಿನದು. ಕೆಎಂಎಫ್ ಮಾರುವುದು ಹಾಲು ಮತ್ತು ಹಾಲಿನ ತಿನಿಸು. ಹೋಟೆಲ್ ಮಾರುವುದು ಊಟ. ಎರಡೂ ಪುಸ್ತಕದಲ್ಲಿ ಒಂದೇ ವರ್ಗಕ್ಕೆ ಬೀಳುತ್ತವೆ ಅನ್ನುವುದು ಕಚೇರಿಯ ಅನುಕೂಲದ ಮಾತು. ಅದರಿಂದಲೇ ಜನಕ್ಕೆ ಗೊಂದಲ ಆಗುತ್ತದೆ ಅನ್ನೋಕಾಗಲ್ಲ. ಸಾಧಾರಣ ತಿಳಿವಳಿಕೆ ಇರುವ ಯಾವ ಗ್ರಾಹಕನೂ ಈ ಹೋಟೆಲಿನ ಪದಾರ್ಥವನ್ನು ಕೆಎಂಎಫ್‌ನದು ಅಂದುಕೊಳ್ಳುತ್ತಾನೆ ಅಂತ ಊಹಿಸುವುದೇ ಕಷ್ಟ ಎಂದಿತು ಪೀಠ. ಇದಕ್ಕೆ ಒಂದು ಹಳೆ ತೀರ್ಪು ಆಸರೆಯಾಯಿತು. ಹೈದರಾಬಾದಿನ ವಜೀರ್ ಸುಲ್ತಾನ್ ಕಂಪನಿ ‘ಚಾರ್‌ಮಿನಾರ್’ ಹೆಸರನ್ನು ತಂಬಾಕು ಪದಾರ್ಥಗಳಿಗೆಲ್ಲ ಸೇರಿಸಿ ನೋಂದಾಯಿಸಿಕೊಂಡಿತ್ತು. ಮಾರುತ್ತಿದ್ದುದು ಸಿಗರೇಟು ಮಾತ್ರ. ಬೇರೊಬ್ಬ ವ್ಯಾಪಾರಿ ಅದೇ ಹೆಸರಿನಲ್ಲಿ ಜರ್ದಾ ಮಾರುತ್ತಿದ್ದ. ನೀನು ಮಾರದ ಸರಕಿಗೆಲ್ಲ ಬೇಲಿ ಹಾಕಿಕೊಂಡು ಕೂರುವ ಹಾಗಿಲ್ಲ ಅಂತ 1990ರ ದಶಕದಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು. ಒಂದು ವರ್ಗದಲ್ಲಿ ಒಂದು ಸರಕು ಮಾರಿದರೆ ಇಡೀ ವರ್ಗ ನಿನ್ನದಾಗುವುದಿಲ್ಲ.

ಇನ್ನೊಂದು ಎಳೆ ಕಾಲದ್ದು. ನನಗೆ ತುಂಬಾ ಹಿಡಿಸಿದ್ದು ಇದೇ. ಕೆಎಂಎಫ್ ಕೋರ್ಟಿಗೆ ಬಂದಾಗ ನಂದಿನಿ ಮನೆಮಾತಾಗಿತ್ತು, ನಿಜ. ಆದರೆ ಕೇಳಬೇಕಾದ ಪ್ರಶ್ನೆ ಈಗಿನದಲ್ಲ. 1989ರಲ್ಲಿ ಹೋಟೆಲ್ ಬೋರ್ಡ್ ಹಾಕಿದ ದಿನ ಏನಿತ್ತು? ಕೆಎಂಎಫ್ ಆ ಹೆಸರು ಇಟ್ಟುಕೊಂಡು ನಾಲ್ಕು ವರ್ಷ ಆಗಿತ್ತಷ್ಟೇ. ನಾಲ್ಕೇ ವರ್ಷದಲ್ಲಿ ಆ ಹೆಸರು ಕೆಎಂಎಫ್‌ಗೆ ಅಂಟಿಕೊಂಡಿತ್ತು ಅಂತ ತೋರಿಸುವ ಪುರಾವೆ ಇರಲಿಲ್ಲ. ದೊಡ್ಡವರು ಇವತ್ತಿನ ಖ್ಯಾತಿಯನ್ನು ತೆಗೆದುಕೊಂಡು ಹೋಗಿ ಹಿಂದಿನ ಕಾಲಕ್ಕೆ ಅಂಟಿಸುವುದು ಇಂಥ ಕೇಸ್‌ಗಳಲ್ಲಿ ಸಾಮಾನ್ಯ. ಸಣ್ಣವನು ಕದ್ದ ಅಂತ ಆಗ ಸುಲಭವಾಗಿ ಅನ್ನಬಹುದು. ಇಲ್ಲಿ ಕೋರ್ಟ್ ಕ್ಯಾಲೆಂಡರ್ ತೆಗೆದು ನೋಡಿತು.

ಉಳಿದದ್ದು ಹೆಸರಿನ ಮೂಲ. ನಂದಿನಿ ಕೆಎಂಎಫ್ ಹುಟ್ಟಿಸಿದ ಪದವಲ್ಲ. ಅದು ದೇವಿಯ ಹೆಸರು, ಪುರಾಣದ ಹಸುವಿನ ಹೆಸರು ಎಂದಿತು ಪೀಠ. ತೀರ್ಪಿನಲ್ಲಿ ಇದು ಒಂದೆರಡು ಸಾಲಿನಲ್ಲಿ ಮುಗಿಯುತ್ತದೆ. ನಾನು ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ನಂದಿನಿ ವಸಿಷ್ಠರ ಆಶ್ರಮದ ಹಸು. ಅದರ ಕತೆಗಳನ್ನು ನೆನಪಿಸಿಕೊಂಡರೆ ನಗು ಬರುತ್ತದೆ, ಎಲ್ಲವೂ ‘ಈ ಹಸು ಯಾರದು’ ಎಂಬ ಜಗಳವೇ. ದಂಡು ಕಟ್ಟಿಕೊಂಡು ಬಂದ ವಿಶ್ವಾಮಿತ್ರ, ಇದು ರಾಜನಾದ ನನ್ನ ಹತ್ತಿರ ಇರಬೇಕಾದ ಹಸು ಅಂತ ಎಳೆದುಕೊಂಡು ಹೋಗಲು ನೋಡಿದ. ಆಗಲಿಲ್ಲ. ಅಷ್ಟವಸುಗಳು ತಮ್ಮಲ್ಲೊಬ್ಬನ ಹೆಂಡತಿಯ ಮಾತು ಕೇಳಿ ಕದ್ದರು. ಶಾಪ ತಟ್ಟಿ ಭೂಮಿಯಲ್ಲಿ ಹುಟ್ಟಬೇಕಾಯಿತು. ಅವರಲ್ಲೊಬ್ಬನೇ ಭೀಷ್ಮ. ದಿಲೀಪ ಮಹಾರಾಜನೊಬ್ಬ ಮಾತ್ರ ಅದನ್ನು ಕಾಯಲು ಹೋದ, ಕೊಂಡೊಯ್ಯಲು ಅಲ್ಲ. ಕಟೀಲಿನ ದೇವಸ್ಥಾನವನ್ನು ಸುತ್ತಿ ಹರಿಯುವ ಹೊಳೆಯ ಹೆಸರೂ ನಂದಿನಿ. ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿ ಒಂದೇ ತರಗತಿಗೆ ಮೂರು ಜನ ನಂದಿನಿಯರಿದ್ದರು. ಇನಿಷಿಯಲ್ ಹಿಡಿದು ಕರೆಯುತ್ತಿದ್ದರು.

ಹಳ್ಳಿಯಲ್ಲಿ ಗೋಮಾಳ ಇರುತ್ತದಲ್ಲ, ಇಂಥ ಹೆಸರು ಅದರ ಹಾಗೆ. ಯಾರು ಬೇಕಾದರೂ ದನ ಬಿಟ್ಟು ಮೇಯಿಸಬಹುದು. ಒಬ್ಬರ ದನ ದಿನವೂ ಒಂದೇ ಮೂಲೆಯಲ್ಲಿ ಮೇಯುತ್ತಿದ್ದರೆ ಉಳಿದವರು ಆ ಮೂಲೆ ಬಿಟ್ಟುಕೊಡುತ್ತಾರೆ. ಅದು ಊರಿನ ಮರ್ಯಾದೆ. ಆದರೆ ಆ ಒಬ್ಬರು ಇಡೀ ಗೋಮಾಳಕ್ಕೆ ಕಲ್ಲು ನೆಟ್ಟು ತಂತಿ ಎಳೆದರೆ ಪಂಚಾಯಿತಿ ಸೇರುತ್ತದೆ. ಹಾಲಿನ ಮೂಲೆ ಕೆಎಂಎಫ್‌ನದು, ಅದನ್ನು ಯಾರೂ ಅಲ್ಲಗಳೆಯಲಿಲ್ಲ. ಹೋಟೆಲಿನವರೂ ಕೂಡ. ಹಾಲು ಮತ್ತು ಹಾಲಿನ ಪದಾರ್ಥಗಳಿಗೆ ನಮಗೆ ನೋಂದಣಿ ಬೇಡ ಅಂತ ಅವರೇ ಕೋರ್ಟಿಗೆ ಹೇಳಿದರು. ಐಪಿಎಬಿ ಮತ್ತು ಹೈಕೋರ್ಟ್ ಆದೇಶಗಳನ್ನು ಪೀಠ ರದ್ದು ಮಾಡಿ, ಹಾಲನ್ನು ಹೊರಗಿಟ್ಟು, ಉಪ ರಿಜಿಸ್ಟ್ರಾರ್ ಆದೇಶಕ್ಕೆ ಮತ್ತೆ ಜೀವ ಕೊಟ್ಟಿತು.

ದೊಡ್ಡವರು ಯಾಕೆ ಹೀಗೆ ಮಾಡುತ್ತಾರೆ

ಇಲ್ಲೊಂದು ಪ್ರಶ್ನೆ. ಕೆಎಂಎಫ್‌ಗೆ ನಿಜವಾಗಿ ಏನು ನಷ್ಟವಾಗುತ್ತಿತ್ತು? ಹೋಟೆಲಿನಲ್ಲಿ ಚಿಕನ್ ತಿಂದವರು ಹಾಲು ಕೊಳ್ಳುವುದು ಬಿಡುತ್ತಿದ್ದರಾ? ಇಲ್ಲ. ಆದರೂ ಯಾಕಿಷ್ಟು ಹಟ?

ಹಟ ಅನ್ನುವುದಕ್ಕಿಂತ ಕಾನೂನೇ ಹಾಗೆ ಹೇಳಿಕೊಡುತ್ತದೆ ಅನ್ನಬಹುದು. ನಮ್ಮ ಟ್ರೇಡ್‌ಮಾರ್ಕ್ ಕಾಯ್ದೆಯ 11ನೇ ಸೆಕ್ಷನ್‌ನಲ್ಲಿ ‘ಸುಪ್ರಸಿದ್ಧ ಗುರುತು’ ಅಂತ ಒಂದು ಮೇಲಿನ ದರ್ಜೆ ಇದೆ. ಆ ದರ್ಜೆ ಸಿಕ್ಕಿದರೆ ನಿಮ್ಮ ಸರಕಿನ ಆಚೆಗೂ ರಕ್ಷಣೆ ಸಿಗಬಹುದು. ಯಾವ ಗುರುತು ಸುಪ್ರಸಿದ್ಧ ಅಂತ ನೋಡುವಾಗ ರಿಜಿಸ್ಟ್ರಾರ್ ಪರಿಗಣಿಸಬೇಕಾದ ಅಂಶಗಳ ಪಟ್ಟಿಯಲ್ಲಿ, ಆ ಹಕ್ಕನ್ನು ಎಷ್ಟು ಯಶಸ್ವಿಯಾಗಿ ಚಲಾಯಿಸಿದ್ದೀರಿ ಎಂಬ ದಾಖಲೆಯೂ ಒಂದು. ಅಂದರೆ ಜಗಳ ಗೆದ್ದಷ್ಟೂ ಅಂಕ ಸಿಗುತ್ತದೆ! ವರ್ಷಗಟ್ಟಲೆ ಸುಮ್ಮನಿದ್ದರೆ, ಆಗ ಯಾಕೆ ಕೇಳಲಿಲ್ಲ ಅಂತ ಎದುರಿನವರು ಕೇಳುತ್ತಾರೆ. ಹಾಗಾಗಿ ಕಂಪನಿಗಳ ವಕೀಲರು ಹೊಸ ಅರ್ಜಿಗಳು ಪ್ರಕಟವಾಗುವ ಟ್ರೇಡ್‌ಮಾರ್ಕ್ ಜರ್ನಲ್ ತೆಗೆದು, ತಮ್ಮ ಹೆಸರಿಗೆ ಹತ್ತಿರ ಇರುವುದಕ್ಕೆಲ್ಲ ಆಕ್ಷೇಪಣೆ ಹಾಕುತ್ತಾ ಹೋಗುತ್ತಾರೆ. ಎದುರಿಗಿರುವುದು ಕಳ್ಳನೋ ಪಕ್ಕದ ಬೀದಿಯ ಹೋಟೆಲಿನವನೋ ಅಂತ ಆ ಪಟ್ಟಿ ಹೇಳುವುದಿಲ್ಲ.

ಹಾಗಂತ ಸಣ್ಣವರೆಲ್ಲ ಸಾಚಾಗಳು ಅಂತಲ್ಲ. ಅದೇ 2018ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ಇನ್ನೊಂದು ಹೆಸರಿನ ಜಗಳ ನಡೆಯಿತು. ದೆಹಲಿಯ ‘ಸರ್ದಾರ್‌ಬಕ್ಷ್’ ಎಂಬ ಕಾಫಿ ಅಂಗಡಿಯ ಮೇಲೆ ಸ್ಟಾರ್‌ಬಕ್ಸ್ ಕೇಸ್ ಹಾಕಿತ್ತು. ಅವರ ಗುರುತು ದುಂಡಗಿತ್ತು. ಮತ್ಸ್ಯಕನ್ಯೆಯ ಜಾಗದಲ್ಲಿ ಪೇಟ ಸುತ್ತಿದ ಸರ್ದಾರ್‌ಜಿ. ಅವರೂ ಕಾಫಿ, ಇವರೂ ಕಾಫಿ. ನೋಡಿದ ತಕ್ಷಣ ನಗು ಬರುವ ತಮಾಷೆ ಅದು. ಆದರೆ ಆ ನಗು ಬರುವುದೇ ಸ್ಟಾರ್‌ಬಕ್ಸ್ ನೆನಪಾಗುವುದರಿಂದ. ಕೊನೆಗೆ ಹೆಸರನ್ನು ‘ಸರ್ದಾರ್‌ಜಿ-ಬಕ್ಷ್’ ಅಂತ ಬದಲಿಸಿಕೊಂಡರು. ಅದು ಸರಿಯೇ ಅನ್ನಿಸುತ್ತದೆ ನನಗೆ. ನಂದಿನಿ ಡಿಲಕ್ಸ್ ಬೋರ್ಡ್ ನೋಡಿ ಯಾರಿಗೂ ಅಂಥ ನಗು ಬರುವುದಿಲ್ಲ.

ಪುಣೆಯದು ಇನ್ನೂ ಗಂಟು. ಅಲ್ಲಿ 1992ರಿಂದ ‘ಬರ್ಗರ್ ಕಿಂಗ್’ ಅಂತ ಒಂದು ಹೋಟೆಲ್ ಇದೆ. ಅಮೆರಿಕದ ಬರ್ಗರ್ ಕಿಂಗ್ ಭಾರತದಲ್ಲಿ ಅಂಗಡಿ ತೆರೆದದ್ದು 2014ರಲ್ಲಿ. ಆದರೆ ಹೆಸರನ್ನು ಇಲ್ಲಿ 1979ರಲ್ಲೇ ನೋಂದಾಯಿಸಿ ಇಟ್ಟಿತ್ತು, ಕೇಸ್ ಹಾಕಿದ್ದು 2011ರಲ್ಲಿ. 2024ರಲ್ಲಿ ಪುಣೆ ಕೋರ್ಟ್ ಕಂಪನಿಯ ದಾವೆ ವಜಾ ಮಾಡಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್, ಮೇಲ್ಮನವಿ ಮುಗಿಯುವವರೆಗೆ ಆ ಹೆಸರು ಬಳಸಬೇಡಿ ಎಂದಿತು. 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಆ ಪೀಠದಲ್ಲಿ ಇದ್ದವರಲ್ಲಿ ನಮ್ಮ ಕರ್ನಾಟಕದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಒಬ್ಬರು. ಹೋಟೆಲ್ ಒಂದೇ, ಬೋರ್ಡ್ ಒಂದೇ. ಒಂದು ವರ್ಷದೊಳಗೆ ಹಾಕು, ತೆಗೆ, ಹಾಕು.

ನಂದಿನಿ ಡಿಲಕ್ಸ್ ಉಳಿದುಕೊಂಡದ್ದು ಹೇಗೆ ಅಂತ ಯೋಚಿಸಿದರೆ ಕಾನೂನಿನ ಅಂಶಕ್ಕಿಂತ ಮೊದಲು ಕಾಣುವುದು ಕಾಗದ ಪತ್ರ. ಯಾವ ವರ್ಷದಿಂದ ಆ ಹೆಸರು ಬಳಸುತ್ತಿದ್ದೀರಿ ಅನ್ನುವುದಕ್ಕೆ ಹಳೆ ಬಿಲ್ಲು, ಲೈಸೆನ್ಸು, ಜಾಹೀರಾತು ಬೇಕು. 1989 ಎಂಬ ಒಂದು ಇಸವಿ ನಿಂತದ್ದರಿಂದಲೇ ಆ ‘ನಾಲ್ಕೇ ವರ್ಷ’ದ ಲೆಕ್ಕ ಹುಟ್ಟಿತು. ಕಾಯ್ದೆಯ 34ನೇ ಸೆಕ್ಷನ್ ಮೊದಲಿನಿಂದ ಬಳಸುತ್ತಿರುವವರನ್ನು ಕಾಪಾಡುತ್ತದೆ. 12ನೇ ಸೆಕ್ಷನ್ ಪ್ರಾಮಾಣಿಕವಾಗಿ ಜೊತೆಜೊತೆಗೆ ಬಳಸಿಕೊಂಡು ಬಂದವರಿಗೂ ನೋಂದಣಿ ಕೊಡಬಹುದು ಅನ್ನುತ್ತದೆ. ಆಧಾರವಿಲ್ಲದೆ ಕೇಸ್ ಹಾಕುತ್ತೇವೆ ಅಂತ ಹೆದರಿಸುವವರ ಮೇಲೆ 142ನೇ ಸೆಕ್ಷನ್ ಪ್ರಕಾರ ನೀವೇ ಕೋರ್ಟಿಗೆ ಹೋಗಬಹುದು. ಆದರೆ ಆಕ್ಷೇಪಣೆಗೆ ಎರಡು ತಿಂಗಳೊಳಗೆ ಉತ್ತರ ಬರೆಯದಿದ್ದರೆ ನೋಂದಣಿಯ ಅರ್ಜಿಯೇ ಉಳಿಯುವುದಿಲ್ಲ.

ನಮ್ಮ ಬೀದಿಯ ಬೇಕರಿಯವರಿಗೆ ಒಮ್ಮೆ ಇಂಥದ್ದೇ ನೋಟಿಸ್ ಬಂದಿತ್ತು. ಯಾವುದೋ ದೊಡ್ಡ ತಿಂಡಿ ಕಂಪನಿ. ಅಂಗಡಿ ಹೆಸರಿನ ಅರ್ಧ ಭಾಗ ಅವರ ಬಿಸ್ಕತ್ತಿನ ಹೆಸರಿಗೆ ಹತ್ತಿರವಂತೆ. ಇಂಗ್ಲಿಷಿನಲ್ಲಿ ನಾಲ್ಕು ಪುಟ. ‘ಏನ್ ಸಾರ್ ಇದು, ಜೈಲಿಗೆ ಹಾಕ್ತಾರಾ?’ ಅಂತ ಕೇಳಿದರು. ಹಾಕಲ್ಲ ಅಂದೆ. ವಕೀಲರ ಹತ್ತಿರ ಹೋಗಿ ಅಂತಲೂ ಅಂದೆ. ಮುಂದಿನ ವಾರ ನೋಡಿದರೆ ಬೋರ್ಡ್ ಬದಲಾಗಿತ್ತು. ಈಗ ‘ಅಯ್ಯಂಗಾರ್ ಬೇಕರಿ’. ಅವರು ಅಯ್ಯಂಗಾರರಲ್ಲ. ಆ ಹೆಸರಿಗೆ ಯಾರೂ ಕೇಸ್ ಹಾಕಲ್ಲ ಬಿಡಿ ಸಾರ್ ಅಂದರು. ನಮ್ಮ ಊರಿನ ದೊಡ್ಡ ಗೋಮಾಳ ಅದೇ ಇರಬೇಕು.

2023ರ ಏಪ್ರಿಲ್‌ನಲ್ಲಿ ಅಮೂಲ್ ಬೆಂಗಳೂರಿನಲ್ಲಿ ಹಾಲು ಮಾರುತ್ತೇವೆ ಅಂದಾಗ ಊರೇ ಎದ್ದು ನಿಂತಿತ್ತು. ನಂದಿನಿ ನಮ್ಮದು ಎಂಬ ಮಾತು ಎಲ್ಲರ ಬಾಯಲ್ಲಿ. ಆಗ ಬೆಂಗಳೂರಿನ ಹೋಟೆಲ್ ಮಾಲೀಕರ ಸಂಘವೂ ಮುಂದೆ ಬಂದು, ನಾವು ನಂದಿನಿ ಹಾಲನ್ನೇ ಬಳಸುತ್ತೇವೆ ಅಂತ ಬೆಂಬಲ ಕೊಟ್ಟಿತು. ಒಂದು ಹೋಟೆಲಿನ ವಿರುದ್ಧ ಇದೇ ಹೆಸರಿಗಾಗಿ ಕೆಎಂಎಫ್ ಸೋತು ಆಗ ಐದು ವರ್ಷವೂ ಆಗಿರಲಿಲ್ಲ. ಆ ಗಲಾಟೆಯಲ್ಲಿ ಯಾರೂ ಅದನ್ನು ಎತ್ತಿದ ಹಾಗೆ ನನಗೆ ನೆನಪಿಲ್ಲ.

ಇದನ್ನು ಬರೆಯುವ ಮುಂಚೆ ಒಂದು ಮಧ್ಯಾಹ್ನ ಆ ಹೋಟೆಲಿಗೆ ಹೋಗಿ ಊಟ ಮಾಡಿದೆ. ಪಪ್ಪು, ಪಲ್ಯ, ತುಪ್ಪ, ಸಾರು, ಕೊನೆಗೆ ಒಂದು ಬಟ್ಟಲು ಗಟ್ಟಿ ಮೊಸರು. ಯಾವ ಹಾಲಿನದು ಅಂತ ಕೇಳೋಣ ಅನ್ನಿಸಿತು. ಬಡಿಸುವವರು ಪಕ್ಕದ ಟೇಬಲ್ಲಿಗೆ ಅನ್ನ ಹಾಕಲು ಹೋಗಿಯಾಗಿತ್ತು.